ಮನಸ್ಸು ಕುಗ್ಗಿದಾಗ ದಿನಕ್ಕೆ ನಾಲ್ಕು ಸಾಲು

ಖಿನ್ನತೆ ಮತ್ತು ದಿನಚರಿ ಬರೆಯುವ ಅಭ್ಯಾಸದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಬಾರಿಯ ಉತ್ತರ. ಕೇಳಿದವರ ಹೆಸರು, ಊರು ಬಿಟ್ಟು ತಾಲ್ಲೂಕನ್ನಷ್ಟೇ ಕೊಟ್ಟಿದ್ದೇವೆ. ಒಂದು ಪತ್ರ ಪತ್ರಿಕೆ ಅಚ್ಚಾಗುವವರೆಗೆ ಕಾಯುವಂಥದ್ದಲ್ಲ, ಹಾಗಾಗಿ ಅವರಿಗೆ ಮೊದಲೇ ಉತ್ತರ ತಲುಪಿಸಿದ್ದೇವೆ. ಅದೇ ಆತಂಕದಲ್ಲಿರುವ ಬೇರೆ ಮನೆಗಳಿಗೂ ಬೇಕಾಗಬಹುದೆಂದು ಅದನ್ನೇ ಮೊದಲು ಹಾಕಿದ್ದೇವೆ.

ಪ್ರಶ್ನೆ: ನಮ್ಮ ಅಣ್ಣನಿಗೆ 34 ವರ್ಷ. ಎರಡು ತಿಂಗಳಿಂದ ಮಾತು ಕಡಿಮೆ, ಊಟವೂ ಕಡಿಮೆ. ಡಾಕ್ಟರು ಮಾತ್ರೆ ಕೊಟ್ಟು ದಿನಾ ಸ್ವಲ್ಪ ಬರೆಯಲು ಹೇಳಿದ್ದಾರೆ. ಮೊನ್ನೆ ಮೇಜು ಒರೆಸುವಾಗ ಪುಸ್ತಕ ತೆರೆದೇ ಇತ್ತು. ‘ನಾನಿಲ್ಲದಿದ್ದರೆ ಇವರೆಲ್ಲ ಹಗುರಾಗ್ತಾರೆ’ ಅಂತ ಬರೆದಿದ್ದ. ನಾನು ಓದಿದ್ದು ಅವನಿಗೆ ಗೊತ್ತಿಲ್ಲ. ಕೇಳಿದರೆ ಇಲ್ಲದ ಯೋಚನೆ ನಾನೇ ತಲೆಗೆ ತುಂಬಿದ ಹಾಗೆ ಆಗುತ್ತದೇನೋ ಎಂದು ಭಯ. ಅತ್ತಿಗೆಗೂ ಹೇಳಿಲ್ಲ. (ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಇವತ್ತೇ ಕೇಳಿ. ಸಾವಿನ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ದಿನ ಒಳಗೇ ಇಟ್ಟುಕೊಂಡವರಿಗೆ ಯಾರಾದರೂ ಬಾಯಿಬಿಟ್ಟು ಕೇಳಿದರು ಎಂಬುದೇ ದೊಡ್ಡ ಆಸರೆ. ಸುತ್ತಿ ಬಳಸಿ ಮಾತು ಬೇಡ. ‘ಅಣ್ಣಾ, ಪುಸ್ತಕ ತೆರೆದಿತ್ತು, ಆ ಸಾಲು ಕಣ್ಣಿಗೆ ಬಿತ್ತು. ಸಾಯುವ ಯೋಚನೆ ಬರ್ತಾ ಇದೆಯಾ?’ ಇಷ್ಟು ಸಾಕು. ಓದಿದ್ದನ್ನು ಮುಚ್ಚಿಡಬೇಡಿ, ಇನ್ನು ಮುಂದೆ ಕೇಳದೆ ಓದುವುದಿಲ್ಲ ಎಂದೂ ಹೇಳಿ. ‘ಹಾಗೆಲ್ಲ ಯೋಚಿಸಬೇಡ ಮಾರಾಯ’, ‘ಮಕ್ಕಳ ಮುಖವನ್ನಾದರೂ ನೋಡು’ ಎಂಬ ಮಾತುಗಳು ಪ್ರೀತಿಯಿಂದಲೇ ಬರುತ್ತವೆ. ಆದರೆ ಅವನ್ನು ಕೇಳಿದವರು ಅಲ್ಲಿಗೆ ಬಾಯಿ ಮುಚ್ಚುತ್ತಾರೆ.

ಹೌದು ಎಂದರೆ ಮುಂದಿನ ಪ್ರಶ್ನೆ: ಹೇಗೆ, ಯಾವಾಗ ಎಂದು ಯೋಚಿಸಿದ್ದೀಯಾ? ಅದಕ್ಕೂ ಉತ್ತರ ಇದ್ದರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ರಾತ್ರಿಯಾದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗ, ವಾಹನ ಇಲ್ಲದಿದ್ದರೆ 108. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕರೆ ಮಾಡಿ ಏನು ಮಾಡಬೇಕೆಂದು ಕೇಳಬಹುದು. ಪೊಲೀಸ್ ಕೇಸು ಆಗುತ್ತದೆಂಬ ಅಂಜಿಕೆಯಿಂದ ಹಿಂದೆ ಸರಿಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಅವರ ಆರೈಕೆ ಸರ್ಕಾರದ ಹೊಣೆ.

ತೋಟದ ಮನೆಗಳಲ್ಲಿ ಇನ್ನೊಂದು ಕೆಲಸ ತಪ್ಪದೇ ಆಗಬೇಕು. ಕೀಟನಾಶಕ, ಕಳೆನಾಶಕದ ಡಬ್ಬಿಗಳು ಕೊಟ್ಟಿಗೆಯ ಅಟ್ಟದಲ್ಲೋ ಪಂಪ್‌ಸೆಟ್ಟಿನ ಕೋಣೆಯಲ್ಲೋ ಬಾಗಿಲಿಲ್ಲದೆ ಇರುತ್ತವೆ. ಅವನ್ನು ಇವತ್ತೇ ಬೇರೆ ಮನೆಗೆ ಸಾಗಿಸಿ. ಅದಾಗದಿದ್ದರೆ ಬೀಗ ಹಾಕಿ ಕೀಲಿ ಬೇರೆಯವರ ಕೈಗೆ ಕೊಡಿ. ಸಾಯುವ ಆವೇಗ ಬಹಳ ಜನರಲ್ಲಿ ಸ್ವಲ್ಪ ಹೊತ್ತಿನದ್ದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಮಾತ್ರೆಗಳೂ ಅತ್ತಿಗೆಯ ಹತ್ತಿರವೇ ಇರಲಿ, ಆಯಾ ದಿನದ್ದನ್ನು ಮಾತ್ರ ಕೊಡಲಿ. ಅಂದರೆ ಅತ್ತಿಗೆಗೆ ಹೇಳಲೇಬೇಕು. ಇದನ್ನು ಒಬ್ಬರೇ ಹೊರಬೇಡಿ.

ಬರೆಯುವುದನ್ನು ನಿಲ್ಲಿಸಬೇಕಾಗಿಲ್ಲ. ಡಾಕ್ಟರು ನೋಡಿದ ಮೇಲೆ ಪುಸ್ತಕದ ಮೊದಲ ಪುಟವನ್ನು ಬೇರೆ ಥರ ತುಂಬಿ. ಅಣ್ಣನೇ ಬರೆಯಲಿ, ನೀವು ಪಕ್ಕದಲ್ಲಿ ಕೂರಿ. ಕಷ್ಟ ಹೆಚ್ಚಾಗುವ ಮುನ್ನ ತನ್ನಲ್ಲಿ ಕಾಣುವ ಎರಡು ಮೂರು ಸೂಚನೆ (ಊಟ ಬಿಡುವುದು, ಬಾಗಿಲು ಹಾಕಿಕೊಳ್ಳುವುದು), ಆ ಹೊತ್ತನ್ನು ಹತ್ತು ನಿಮಿಷ ದಾಟಿಸುವ ಕೆಲಸ, ಹೋಗಿ ಕೂರಬಹುದಾದ ಮನೆ, ಮೂವರ ಫೋನ್ ನಂಬರು, ಕೊನೆಗೆ 14416. ಕರೆಂಟು ಹೋದರೆ ಟವರೂ ಹೋಗುವ ಊರಾದರೆ ಆ ಮೂವರಲ್ಲಿ ಒಬ್ಬರಾದರೂ ನಡೆದು ಮುಟ್ಟುವ ದೂರದಲ್ಲಿರಬೇಕು.

ಪ್ರಶ್ನೆ: ನನಗೆ 52. ಎರಡೂವರೆ ಎಕರೆ ಅಡಿಕೆ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಇಳಿಯಿತು, ಸೊಸೈಟಿ ಸಾಲ ಹಾಗೇ ಇದೆ. ಬೆಳಿಗ್ಗೆ ಏಳುವುದೇ ಬೇಡ ಅನಿಸುತ್ತದೆ. ಡಾಕ್ಟರು ಖಿನ್ನತೆ ಎಂದು ಮಾತ್ರೆ ಶುರು ಮಾಡಿ ಮೂರು ವಾರ ಆಯಿತು. ಬೆಂಗಳೂರಿನಲ್ಲಿರುವ ಮಗಳು ‘ಅಪ್ಪಯ್ಯ, ದಿನಾ ಡೈರಿ ಬರಿ’ ಅನ್ನುತ್ತಾಳೆ. ಲೆಕ್ಕದ ಪುಸ್ತಕ ಬಿಟ್ಟರೆ ನಾನು ಏನೂ ಬರೆದವನಲ್ಲ. ಎಂತ ಬರೆಯುವುದು? (ಹೊಸನಗರ ತಾಲ್ಲೂಕು)

ಉತ್ತರ: ನಿಮಗೆ ಬೇಕಾಗಿರುವುದು ಲೆಕ್ಕದ ಪುಸ್ತಕವೇ. ಖಿನ್ನತೆಯಲ್ಲಿರುವವರಿಗೆ ನಾವು ಮೊದಲು ಹೇಳುವುದು ಭಾವನೆ ಬರೆಯಲು ಅಲ್ಲ, ದಿನ ಹೇಗೆ ಖರ್ಚಾಯಿತೆಂದು ಬರೆಯಲು. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸೋನ್ ಖಿನ್ನತೆಯ ಒಂದು ಸುಳಿಯನ್ನು ವಿವರಿಸಿದರು. ಮನಸ್ಸು ಕುಗ್ಗಿದವನು ಕೆಲಸ, ಓಡಾಟ, ನೆಂಟರ ಮನೆ ಒಂದೊಂದಾಗಿ ಬಿಡುತ್ತಾನೆ. ಅವುಗಳಿಂದ ಸಿಗುತ್ತಿದ್ದ ಚಿಕ್ಕಪುಟ್ಟ ಹಿತವೂ ಜೊತೆಗೇ ನಿಂತುಹೋಗಿ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಮನೋವೈದ್ಯ ಆರನ್ ಬೆಕ್ ತಮ್ಮ ಚಿಕಿತ್ಸೆಯಲ್ಲಿ ಪ್ರತಿ ಚಟುವಟಿಕೆಗೂ ಎರಡು ಅಂಕ ಹಾಕಿಸುತ್ತಿದ್ದರು, ಒಂದು ಕೆಲಸ ಆಯಿತೆಂಬ ಸಮಾಧಾನಕ್ಕೆ, ಇನ್ನೊಂದು ಹಿತಕ್ಕೆ. ನೀವೂ ಹಾಗೇ ಮಾಡಿ.

ಒಂದು ನೋಟ್‌ಬುಕ್, ದಿನಕ್ಕೊಂದು ಪುಟ. ಪೆನ್ನಿಗೆ ದಾರ ಕಟ್ಟಿ ಪುಸ್ತಕಕ್ಕೇ ಬಿಗಿಯಿರಿ, ಕಾಫಿ ಕುಡಿಯುವ ಜಾಗದಲ್ಲಿ ಇಡಿ. ಬರೆಯುವ ಹೊತ್ತು ನಾಲ್ಕು: ತಿಂಡಿ, ಮಧ್ಯಾಹ್ನದ ಊಟ, ಸಂಜೆ ಕಾಫಿ, ರಾತ್ರಿ ಊಟ ಆದ ಕೂಡಲೇ. ಆ ಹೊತ್ತಿನವರೆಗೆ ಏನು ಮಾಡಿದಿರೋ ಅದು. ಸಮಾಧಾನಕ್ಕೆ ‘ಸ’, ಹಿತಕ್ಕೆ ‘ಹಿ’, ಎರಡಕ್ಕೂ 0ಯಿಂದ 10. ಒಂದು ಬೆಳಗಿನ ಪುಟ ಹೀಗಿರಬಹುದು:

6.50 – ಎದ್ದೆ, ಕಾಫಿ. ಸ 1, ಹಿ 2
7.15 – ಹಾಲು ಕರೆದು ಡೈರಿಗೆ ಹಾಕಿ ಬಂದೆ. ಸ 4, ಹಿ 2
8.30ರಿಂದ 11 – ಜಗುಲಿಯಲ್ಲಿ ಮಲಗಿದ್ದೆ. ಸ 0, ಹಿ 1
11.20 – ಕೆಳಗಿನ ತೋಟದ ಬಸಿಗಾಲುವೆಗೆ ಬಿದ್ದ ಸೋಗೆ ಎಳೆದು ಹಾಕಿದೆ, 15 ನಿಮಿಷ. ಸ 5, ಹಿ 3

ಇದರಲ್ಲಿ ಕಲಿಯುವುದಿದೆ. ಮಲಗಿದರೆ ಸುಧಾರಿಸೀತೆಂದು ಮೈ ಹೇಳುತ್ತದೆ, ಆದರೆ ಎರಡೂವರೆ ಗಂಟೆ ಮಲಗಿದ್ದಕ್ಕೆ ಹಿತ 1, ಹದಿನೈದು ನಿಮಿಷದ ಸೋಗೆ ಕೆಲಸಕ್ಕೆ 3. ಬೇರೆಯವರು ನೂರು ಸಲ ‘ಎದ್ದು ಓಡಾಡು’ ಎಂದರೂ ನಾಟದ್ದು ನಿಮ್ಮ ಕೈಬರಹದ ಅಂಕದಲ್ಲಿ ನಾಟುತ್ತದೆ. ಎಲ್ಲವನ್ನೂ ರಾತ್ರಿ ಒಟ್ಟಿಗೆ ಬರೆದರೆ ಇದು ಸಿಗುವುದಿಲ್ಲ. ಖಿನ್ನತೆಯಲ್ಲಿ ನೆನಪೇ ಕಪ್ಪು ಕಡೆಗೆ ವಾಲುತ್ತದೆ. ರಾತ್ರಿ ಒಂಬತ್ತಕ್ಕೆ ನೆನೆದರೆ ಆ 3 ಕೂಡ 0 ಆಗಿರುತ್ತದೆ.

ಮೊದಲ ವಾರ ಏನನ್ನೂ ಬದಲಿಸಬೇಡಿ, ದಾಖಲೆ ಮಾತ್ರ. ಎರಡನೇ ವಾರ ಹಳೆಯ ಪುಟ ತಿರುವಿ ಅಂಕ ಹೆಚ್ಚು ಬಂದ ಎರಡು ಕೆಲಸ ಆರಿಸಿ, ಹಿಂದಿನ ರಾತ್ರಿಯೇ ಮರುದಿನದ ಪುಟದಲ್ಲಿ ಗಂಟೆ ಹಾಕಿ ಬರೆದಿಡಿ. ಜನ ಎಡವುವುದು ಇಲ್ಲೇ. ‘ತೋಟಕ್ಕೆ ಹೋಗಬೇಕು’ ಎಂದು ಬರೆದರೆ ಹೋಗಲು ಆಗುವುದಿಲ್ಲ, ಅದು ತೀರ ದೊಡ್ಡದು. ‘8.15ಕ್ಕೆ ಕತ್ತಿ ಹಿಡಿದು ಮೊದಲ ಸಾಲಿನ ಹತ್ತು ಮರ ನೋಡಿ ಬರುವುದು’ ಎಂದು ಬರೆಯಿರಿ. ಎರಡು ದಿನ ಅದೂ ಆಗದಿದ್ದರೆ ಹತ್ತನ್ನು ಐದು ಮಾಡಿ. ಮನಸ್ಸು ಬಂದಾಗ ಹೋಗುತ್ತೇನೆ ಎಂದು ಕಾಯಬೇಡಿ, ಈ ಕಾಯಿಲೆಯಲ್ಲಿ ಕೈ ಮೊದಲು ಹೋಗಬೇಕು, ಮನಸ್ಸು ಆಮೇಲೆ ಬರುತ್ತದೆ.

ಎಲೆಚುಕ್ಕಿ ನಿಮ್ಮ ಮನಸ್ಸಿನ ಕಲ್ಪನೆಯಲ್ಲ, ಸಾಲವೂ ಕಲ್ಪನೆಯಲ್ಲ. ಒಳ್ಳೆಯದನ್ನೇ ಯೋಚಿಸಿ ಎಂದು ನಾವು ಹೇಳುವುದಿಲ್ಲ. ಅವೆರಡಕ್ಕೂ ಪುಸ್ತಕದ ಹಿಂಬದಿಯಿಂದ ಬೇರೆ ಪುಟ ಶುರು ಮಾಡಿ. ವಾರಕ್ಕೊಂದೇ ದಿನ, ಭಾನುವಾರ ಬೆಳಿಗ್ಗೆ 11ರಿಂದ 20 ನಿಮಿಷ. ಯಾರಿಗೆ ಎಷ್ಟು, ಕಂತು ಯಾವಾಗ, ಈ ವಾರ ಮಾಡುವ ಒಂದೇ ಒಂದು ಕೆಲಸ ಏನು. ‘ಮಂಗಳವಾರ ಸಂಘದ ಕಾರ್ಯದರ್ಶಿಯನ್ನು ಕಂಡು ಗಡುವು ಕೇಳುವುದು’ ಎಂಬಂಥದ್ದು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಸಾಲ ನೆನಪಾದರೆ ದಿಂಬಿನ ಪಕ್ಕದ ಚೀಟಿಯಲ್ಲಿ ಒಂದು ಪದ ಗೀಚಿ ‘ಭಾನುವಾರಕ್ಕೆ’ ಎಂದು ಬರೆದು ಬಿಡಿ. ಜಾವದಲ್ಲಿ ಎಚ್ಚರವಾಗುವುದು, ಬೆಳಿಗ್ಗೆ ಹೆಚ್ಚು ಭಾರ ಅನಿಸಿ ಸಂಜೆ ಸ್ವಲ್ಪ ಹಗುರಾಗುವುದು ಖಿನ್ನತೆಯ ಲಕ್ಷಣವೇ. ಹಾಗಾಗಿ ದೊಡ್ಡ ತೀರ್ಮಾನ ಬೆಳಿಗ್ಗೆ ಮಾಡಬೇಡಿ. ತೋಟ ಮಾರುವ ಮಾತಂತೂ ಈಗ ಬೇಡ.

ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಮೂರು ವಾರಕ್ಕೇ ಬಿಡಬೇಡಿ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ, ಪೂರ್ತಿ ಅಂದಾಜಿಗೆ 6 ವಾರ ಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಲು ಹೇಳುವುದು ವಾಡಿಕೆ. ತಾನಾಗಿ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಬರಬಹುದು. ಪುಟದ ಮೂಲೆಯಲ್ಲಿ ಮಾತ್ರೆ ತೆಗೆದುಕೊಂಡಿದ್ದಕ್ಕೆ ಒಂದು ಗುರುತು, ಕುಡಿದ ದಿನ ಇನ್ನೊಂದು ಗುರುತು ಹಾಕಿ. ಕುಡಿದ ಮರುದಿನದ ಅಂಕ ಏನಾಗಿದೆ ಎಂಬುದನ್ನು ತಿಂಗಳ ಕೊನೆಗೆ ನೀವೇ ನೋಡಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ, ಹಾಸ್ಟೆಲ್‌ನಲ್ಲಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತೆ ಅಂತ ಓದಿ ಒಂದು ತಿಂಗಳಿಂದ ರಾತ್ರಿ ಐದಾರು ಪುಟ ಬರೆಯುತ್ತಿದ್ದೇನೆ. ಬರೆದ ಮೇಲೆ ಅಳು ಬರುತ್ತದೆ, ನಿದ್ದೆ ಬರುವುದಿಲ್ಲ. ನನಗೆ ಬರೆಯಲು ಬರುವುದಿಲ್ಲವೇ? (ಸಾಗರ)

ಉತ್ತರ: ಬರೆಯಲು ಬರುತ್ತದೆ, ವಿಧಾನ ಬದಲಾಗಬೇಕು. ಹಳೆಯ ಪುಟ ತೆರೆದು ‘ಯಾಕೆ’ ಎಂದು ಎಷ್ಟು ಕಡೆ ಬರೆದಿದ್ದೀರಿ ನೋಡಿ. ‘ನನಗೇ ಯಾಕೆ ಹೀಗೆ’, ‘ನಾನ್ಯಾಕೆ ಎಲ್ಲರ ಥರ ಇಲ್ಲ’. ಇದು ಮೆಲುಕು ಹಾಕುವುದು, ಕೈಯಲ್ಲಿ ಪೆನ್ನಿದೆ ಎಂಬುದಷ್ಟೇ ವ್ಯತ್ಯಾಸ. ಕಾರಣವನ್ನೂ ದುಃಖವನ್ನೂ ಹೀಗೆ ತಿರುತಿರುಗಿ ಕೆದಕುವವರಲ್ಲಿ ಖಿನ್ನತೆ ಹೆಚ್ಚು ಕಾಲ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ 1991ರಿಂದಲೇ ತೋರಿಸುತ್ತ ಬಂದರು.

ನೀವು ಓದಿದ್ದು ಬಹುಶಃ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಅವರ ಪದ್ಧತಿ. 1986ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಮನಸ್ಸನ್ನು ಘಾಸಿಗೊಳಿಸಿದ ಘಟನೆಯೊಂದನ್ನು ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ ಬರೆದರು, ಅಷ್ಟೇ. ಬರೆದ ಕೂಡಲೇ ಅವರ ಮನಸ್ಸೂ ಕುಸಿದಿತ್ತು, ಲಾಭ ಕಂಡಿದ್ದು ತಿಂಗಳುಗಳ ನಂತರ. ಅವರು ಖಿನ್ನತೆಯ ರೋಗಿಗಳೂ ಅಲ್ಲ. ನಾಲ್ಕು ದಿನದ ಔಷಧವನ್ನು ಮೂವತ್ತು ದಿನ, ಅದೂ ಮಲಗುವ ಮುಂಚೆ ತೆಗೆದುಕೊಂಡ ಹಾಗೆ ಆಗಿದೆ ನಿಮ್ಮದು.

ಸದ್ಯಕ್ಕೆ ರಾತ್ರಿಯ ಬರವಣಿಗೆ ನಿಲ್ಲಿಸಿ. ಸಂಜೆ ಬೆಳಕಿರುವಾಗ, ಕ್ಯಾಂಟೀನಿನಂಥ ನಾಲ್ಕು ಜನ ಇರುವ ಜಾಗದಲ್ಲಿ, ಮೊಬೈಲಿನಲ್ಲಿ 15 ನಿಮಿಷದ ಅಲಾರಾಂ ಇಟ್ಟು ಬರೆಯಿರಿ. ಒಂದು ಪುಟ ಮೀರಬಾರದು. ಅಲಾರಾಂ ಹೊಡೆದರೆ ವಾಕ್ಯ ಅರ್ಧವಾಗಿದ್ದರೂ ಮುಚ್ಚಿ ಎದ್ದು ನಡೆಯಿರಿ. ಬರೆಯುವುದು ಆ ದಿನದ ಒಂದೇ ಘಟನೆಯನ್ನು, ಐದು ಸಾಲಿನಲ್ಲಿ:

ಘಟನೆ: ಇಂಟರ್ನಲ್ಸ್‌ನಲ್ಲಿ 20ಕ್ಕೆ 9 ಬಂತು, ಮಧ್ಯಾಹ್ನ 12ಕ್ಕೆ ಬೋರ್ಡಿಗೆ ಹಾಕಿದರು.
ತಲೆಗೆ ಬಂದದ್ದು: ನಾನು ಯಾವುದಕ್ಕೂ ಪ್ರಯೋಜನವಿಲ್ಲ. ನಂಬಿಕೆ ನೂರಕ್ಕೆ 90.
ಇದಕ್ಕೆ ಆಧಾರ: ಕಳೆದ ಸಲಕ್ಕಿಂತ 4 ಅಂಕ ಕಡಿಮೆ.
ಇದಕ್ಕೆ ವಿರುದ್ಧ: ಪರೀಕ್ಷೆಯ ವಾರ ದಿನಕ್ಕೆ ನಾಲ್ಕು ಗಂಟೆಯೂ ನಿದ್ದೆ ಇರಲಿಲ್ಲ. ಉಳಿದ ಎರಡು ಪತ್ರಿಕೆಯಲ್ಲಿ 14, 15. ಸೆಮಿನಾರಿಗೆ ಜೂನಿಯರ್ ನನ್ನ ಹತ್ತಿರವೇ ನೋಟ್ಸ್ ಕೇಳಿದಳು.
ಈಗ ಹೇಳಬಹುದಾದದ್ದು: ಈ ಒಂದು ವಿಷಯದಲ್ಲಿ ಹಿಂದೆ ಬಿದ್ದಿದ್ದೇನೆ, ನಿದ್ದೆಯೂ ಕಾರಣ. ನಂಬಿಕೆ 60.

90 ಇದ್ದದ್ದು 60ಕ್ಕೆ ಇಳಿದರೆ ಅದೇ ಗೆಲುವು. ಸೊನ್ನೆಗೆ ಬರಬೇಕೆಂದು ಹಟ ಹಿಡಿದು ‘ನಾನು ತುಂಬಾ ಬುದ್ಧಿವಂತೆ’ ಎಂದು ಬರೆದರೆ ಮನಸ್ಸು ಒಪ್ಪುವುದಿಲ್ಲ, ಮರುದಿನ ಪುಸ್ತಕ ತೆರೆಯಲೂ ಬೇಸರವಾಗುತ್ತದೆ. ಸಾಮಾನ್ಯವಾಗಿ ಆಗುವ ತಪ್ಪು ಎರಡು. ‘ತಲೆಗೆ ಬಂದದ್ದು’ ಎಂಬಲ್ಲಿ ‘ಬೇಜಾರು’ ಎಂದು ಭಾವನೆಯನ್ನು ಬರೆಯುತ್ತಾರೆ. ಬೇಜಾರನ್ನು ಸರಿಯೋ ತಪ್ಪೋ ಎಂದು ಪರೀಕ್ಷಿಸಲಾಗದು, ಅದರ ಹಿಂದಿನ ಮಾತು ಬೇಕು. ಇನ್ನೊಂದು, ಪ್ರಶ್ನೆಯಾಗಿ ಬರೆಯುವುದು. ‘ಮುಂದೆ ನನ್ನ ಗತಿ ಏನು?’ ಎಂಬುದಕ್ಕೆ ಆಧಾರ ಹುಡುಕುವುದು ಹೇಗೆ? ‘ನಾನು ಫೇಲಾಗುತ್ತೇನೆ’ ಎಂದು ಹೇಳಿಕೆ ಮಾಡಿಕೊಳ್ಳಿ, ಆಗ ಹಿಡಿಯಲು ಸಿಗುತ್ತದೆ.

ಗಂಟೆ, ಜಾಗ, ಅಂಕ, ಯಾರು ಏನೆಂದರು ಎಂಬ ವಿವರಗಳಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಖಿನ್ನತೆಯಲ್ಲಿ ನೆನಪು ಸಾರಾಸಗಟಾಗುತ್ತದೆ. ‘ಸಂತೋಷವಾಗಿದ್ದ ಒಂದು ದಿನ ಹೇಳಿ’ ಎಂದರೆ ‘ಚಿಕ್ಕವಳಿದ್ದಾಗ’ ಎಂದಷ್ಟೇ ಬರುತ್ತದೆ, ಒಂದು ನಿರ್ದಿಷ್ಟ ಮಧ್ಯಾಹ್ನ ಬರುವುದಿಲ್ಲ. 1986ರಲ್ಲಿ ಸಂಶೋಧಕರಾದ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್ ಇದನ್ನು ಗುರುತಿಸಿದ್ದು ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಲ್ಲಿ. ಖಿನ್ನತೆಯಲ್ಲೂ ಹೀಗೇ ಇದೆಯೆಂದು ಮುಂದಿನ ಅಧ್ಯಯನಗಳು ತೋರಿಸಿದವು. ‘ಎಲ್ಲಾ ಹಾಳು’ ಎಂಬ ಮಾತನ್ನು ‘ಸೋಮವಾರ 12 ಗಂಟೆಗೆ ಹೀಗಾಯಿತು’ ಎಂದು ಒಡೆಯುವುದೇ ಇಲ್ಲಿ ಚಿಕಿತ್ಸೆಯ ಕೆಲಸ ಮಾಡುತ್ತದೆ.

ರಾತ್ರಿ ಬರೆಯದೆ ಇರಲಾಗದಿದ್ದರೆ ನಾಳೆ ಮಾಡಬೇಕಾದ ಕೆಲಸಗಳನ್ನು ಮಾತ್ರ ಐದು ನಿಮಿಷ ಪಟ್ಟಿ ಮಾಡಿ. ಎರಡು ವಾರಕ್ಕೂ ಅಳು, ನಿದ್ದೆಗೇಡು ಹೀಗೇ ಇದ್ದರೆ ಪುಸ್ತಕವನ್ನು ನೆಚ್ಚಿ ಕೂರಬೇಡಿ, ವೈದ್ಯರನ್ನು ನೋಡಿ. ಅಲ್ಲಿಯವರೆಗೆ 14416ಕ್ಕೆ ನೀವೂ ಕರೆ ಮಾಡಬಹುದು.

ಪ್ರಶ್ನೆ: ಕೂಡು ಕುಟುಂಬ. ನಾನು ಬರೆದದ್ದನ್ನು ಅತ್ತೆಯೋ ಮೈದುನನೋ ಓದಿದರೆ ಮನೆಯಲ್ಲಿ ಇರಲಾಗುವುದಿಲ್ಲ. ಬೀಗದ ಕಪಾಟು ಇಲ್ಲ. (ಶಿವಮೊಗ್ಗ)

ಉತ್ತರ: ಓದಿದರೂ ಅರ್ಥವಾಗದ ಹಾಗೆ ಬರೆಯಿರಿ. ಮನೆಯ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಸಾಕು. ದಿನದ ಚೌಕದ ಮೂಲೆಯಲ್ಲಿ ಮನಸ್ಸಿಗೊಂದು ಅಂಕ, ನಿದ್ದೆಯ ಗಂಟೆ, ಹೊರಗೆ ಹೋಗಿದ್ದರೆ ಒಂದು ಚುಕ್ಕೆ. 4, 5, ಚುಕ್ಕೆ. ನೋಡಿದವರಿಗೆ ಹಾಲಿನದ್ದೋ ಗ್ಯಾಸಿನದ್ದೋ ಲೆಕ್ಕ ಅನಿಸುತ್ತದೆ. ವೈದ್ಯರಿಗೆ ತೋರಿಸಲು ಇಷ್ಟೂ ಉಪಯುಕ್ತ. ಮುಟ್ಟಿನ ದಿನಗಳಿಗೂ ಗುರುತು ಹಾಕಿ, ಮುಟ್ಟಿನ ಹಿಂದಿನ ವಾರದಲ್ಲೇ ಪ್ರತಿ ತಿಂಗಳು ಅಂಕ ಕುಸಿಯುತ್ತಿದ್ದರೆ ವೈದ್ಯರು ತಿಳಿಯಬೇಕಾದ ವಿಷಯ ಅದು.

ಮಾತಿನಲ್ಲಿ ಬರೆಯಲೇಬೇಕಾದದ್ದನ್ನು ಬಿಡಿ ಹಾಳೆಯಲ್ಲಿ ಬರೆದು ಅದೇ ದಿನ ಬಚ್ಚಲ ಒಲೆಗೆ ಹಾಕಿ, ಒಲೆ ಇಲ್ಲದಿದ್ದರೆ ನೀರಲ್ಲಿ ನೆನೆಸಿ ಹಿಸುಕಿಬಿಡಿ. ಐದು ಸಾಲಿನ ವಿಧಾನದ ಲಾಭ ಬರೆಯುವಾಗಲೇ ಸಿಕ್ಕಿರುತ್ತದೆ. ಮನೆಯವರೆಲ್ಲ ಕೈಯಾಡಿಸುವ ಫೋನಿನಲ್ಲಿ ಬರೆಯಬೇಡಿ. ಇನ್ನು, ಬರೆಯಲೂ ಹೆದರುವಷ್ಟು ಭಯ ಮನೆಯಲ್ಲಿದ್ದರೆ, ಹೊಡೆತ ಬೈಗುಳ ನಡೆಯುತ್ತಿದ್ದರೆ, ಅದು ನಿಮ್ಮ ಖಿನ್ನತೆಯಷ್ಟೇ ದೊಡ್ಡ ವಿಷಯ. ಮಹಿಳಾ ಸಹಾಯವಾಣಿ 181 ಅದಕ್ಕಾಗಿ ಇದೆ.

ಪ್ರಶ್ನೆ: ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೂ ನನಗೆ ಮಂಕು. ಪ್ರತಿ ವರ್ಷ ಹೀಗೇ. ಬರೆಯೋಣ ಎಂದರೆ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. (ಆಗುಂಬೆ ಹೋಬಳಿ)

ಉತ್ತರ: ಪ್ರತಿ ವರ್ಷ ಎನ್ನುವುದನ್ನು ಪುಸ್ತಕವೇ ಹೇಳಬೇಕು, ಅದಕ್ಕೆ ಮೇ ತಿಂಗಳಲ್ಲೇ ಶುರು ಮಾಡಿ ಅಕ್ಟೋಬರ್‌ವರೆಗೆ ಬರೆಯಿರಿ. ದಿನಕ್ಕೆ ನಾಲ್ಕು ಅಂಕಿ: ಎದ್ದ ಗಂಟೆ, ಮನೆಯಿಂದ ಹೊರಗೆ ಬೆಳಕಿನಲ್ಲಿದ್ದ ನಿಮಿಷ, ಮಾತಾಡಿದ ಹೊರಗಿನವರ ಸಂಖ್ಯೆ, ಮನಸ್ಸಿನ ಅಂಕ. ಮಂಕಿಗೆ ಮಳೆಯನ್ನೇ ದೂರುತ್ತೇವೆ, ಆದರೆ ಬರೆದಿಟ್ಟವರ ಪುಟದಲ್ಲಿ ಹಲವು ಸಲ ಕಾಣುವುದು ಬೇರೆ: ಏಳುವುದು ಒಂದೂವರೆ ಗಂಟೆ ತಡವಾಗಿರುತ್ತದೆ, ಮೂರನೇ ಅಂಕಿ ವಾರಗಟ್ಟಲೆ ಸೊನ್ನೆ. ಮಳೆ ನಿಲ್ಲಿಸಲಾಗದು, ಇವೆರಡನ್ನು ತಿದ್ದಬಹುದು. ಏಳುವ ಗಂಟೆಯನ್ನು ಮಳೆಯಿದ್ದರೂ ಬದಲಿಸಬೇಡಿ. ಎದ್ದ ಅರ್ಧ ಗಂಟೆಯೊಳಗೆ ಜಗುಲಿಯ ಅಂಚಿಗೆ ಬಂದು ಅರ್ಧ ಗಂಟೆ ಕೂರಿ, ಪುಸ್ತಕ ತುಂಬುವುದೂ ಅಲ್ಲೇ ಆಗಲಿ. ಮೋಡವಿದ್ದರೂ ಹೊರಗಿನ ಹಗಲು ಸಾಮಾನ್ಯವಾಗಿ ಸಾವಿರ ಲಕ್ಸ್ (ಬೆಳಕಿನ ಅಳತೆ) ದಾಟುತ್ತದೆ, ಬಲ್ಬು ಹಾಕಿದ ಒಳಕೋಣೆ ನೂರರ ಆಚೀಚೆ.

ಬೂಷ್ಟಿನ ವಿಷಯ. ತೆಳು ಹಾಳೆಯ ದೊಡ್ಡ ಪುಸ್ತಕ ಬೇಡ, 80 ಪುಟದ ಚಿಕ್ಕದು ಸಾಕು. ಜೆಲ್ ಪೆನ್ನಿನ ಶಾಯಿ ತೇವದ ಹಾಳೆಯಲ್ಲಿ ಹರಡುತ್ತದೆ, ಬಾಲ್ ಪೆನ್ ಅಥವಾ ಪೆನ್ಸಿಲ್ ಒಳ್ಳೆಯದು. ಗೋಡೆಗೆ ತಾಗಿದ ಗೂಡಿನಲ್ಲಿ ಇಡಬೇಡಿ. ಅಡುಗೆಮನೆಯಲ್ಲಿ ಒಲೆಯ ಬಿಸಿ ಮುಟ್ಟುವ ಹಲಗೆಯ ಮೇಲೆ, ಅಥವಾ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹುರಿದ ಅಕ್ಕಿಯ ಸಣ್ಣ ಗಂಟಿನ ಜೊತೆ ಇಡಿ. ಕಣ್ಣಿಗೆ ಬೀಳುವ ಜಾಗವೇ ಆಗಿರಲಿ, ಟ್ರಂಕಿನೊಳಗೆ ಹೋದ ಪುಸ್ತಕ ಮರೆತುಹೋಗುತ್ತದೆ.

ಪ್ರಶ್ನೆ: ದಿನಾ ಮೂರು ಒಳ್ಳೆಯ ಸಂಗತಿ ಬರೆಯಿರಿ ಎನ್ನುತ್ತಾರೆ. ಬರೆದರೆ ಸುಳ್ಳು ಹೇಳಿಕೊಂಡ ಹಾಗೆ ಅನಿಸುತ್ತದೆ. (ಸೊರಬ)

ಉತ್ತರ: ಹಾಗನಿಸಿದರೆ ಸದ್ಯ ಬಿಡಿ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ತಂಡದವರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಒಳ್ಳೆಯ ಫಲ ಕಂಡಿತ್ತು ನಿಜ, ಆದರೆ ಭಾಗವಹಿಸಿದವರು ತಾವಾಗಿ ಬಂದವರು, ತೀವ್ರ ಖಿನ್ನತೆಯವರಲ್ಲ. ಅಲ್ಲಿ ಮೂರು ಸಂಗತಿಯ ಜೊತೆ ಅದು ಹೇಗೆ ಆಯಿತು ಎಂಬ ಕಾರಣವನ್ನೂ ಬರೆಯಬೇಕಿತ್ತು. ನಮ್ಮಲ್ಲಿ ಆ ಭಾಗವೇ ಬಿಟ್ಟುಹೋಗಿದೆ. ಮನಸ್ಸಿನ ಅಂಕ ಸ್ವಲ್ಪ ಏರಿದ ಮೇಲೆ ವಾರಕ್ಕೊಮ್ಮೆ ಒಂದೇ ಸಂಗತಿ ಬರೆದು ನೋಡಿ: ‘ಗುರುವಾರ ಅಪ್ಪೆಮಿಡಿ ಉಪ್ಪಿನಕಾಯಿ ಜೊತೆ ಎರಡು ಸಲ ಗಂಜಿ ಹಾಕಿಸಿಕೊಂಡೆ. ಯಾಕೆಂದರೆ ಬೆಳಿಗ್ಗೆ ಗದ್ದೆಗೆ ಹೋಗಿದ್ದೆ, ಹಸಿವಾಗಿತ್ತು’. ಕೃತಜ್ಞತೆ ಎಂಬ ದೊಡ್ಡ ಮಾತು ಬೇಕಾಗಿಲ್ಲ.

ಪ್ರಶ್ನೆ: ಎಷ್ಟು ದಿನ ಬರೆದರೆ ಗುಣ ಕಾಣುತ್ತದೆ? ಡಾಕ್ಟರ ಹತ್ತಿರ ಹೋಗುವಾಗ ಇಡೀ ಪುಸ್ತಕ ತೋರಿಸಬೇಕೇ? (ಭದ್ರಾವತಿ)

ಉತ್ತರ: ಬರವಣಿಗೆ ಒಂದರಿಂದಲೇ ಖಿನ್ನತೆ ಹೋಗುತ್ತದೆ ಎಂದು ನಾವು ಹೇಳುವುದಿಲ್ಲ. ಸೌಮ್ಯ ಖಿನ್ನತೆಯಲ್ಲಿ ಅದು ಒಳ್ಳೆಯ ಊರುಗೋಲು, ಮಧ್ಯಮ ಮತ್ತು ತೀವ್ರ ಖಿನ್ನತೆಯಲ್ಲಿ ಚಿಕಿತ್ಸೆಯ ಜೊತೆಗಾರ ಮಾತ್ರ. ನಾಲ್ಕು ವಾರ ಬಿಡದೆ ಬರೆಯಿರಿ. ನಡುವೆ ಎರಡು ದಿನ ತಪ್ಪಿದರೆ ಖಾಲಿ ಬಿಟ್ಟು ಮುಂದೆ ಹೋಗಿ. ಹಿಂದಿನದನ್ನು ನೆನೆದು ತುಂಬಲು ಹೊರಟವರೇ ಹೆಚ್ಚಾಗಿ ಪುಸ್ತಕ ಬಿಡುವುದು.

ಖಿನ್ನತೆ ಎಷ್ಟಿದೆ ಎಂದು ಅಳೆಯಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಕನ್ನಡದಲ್ಲೂ ಸಿಗುತ್ತದೆ, ವೈದ್ಯರ ಬಳಿ ಕೇಳಿ. ಕಳೆದ ಎರಡು ವಾರದ ಬಗ್ಗೆ ಪ್ರತಿ ಪ್ರಶ್ನೆಗೂ 0ಯಿಂದ 3, ಒಟ್ಟು 27. ಎರಡು ವಾರಕ್ಕೊಮ್ಮೆ ತುಂಬಿ. 10 ಅಥವಾ ಹೆಚ್ಚಿದ್ದರೆ ವೈದ್ಯರನ್ನು ಕಾಣಲೇಬೇಕು. ಐದು ಅಂಕ ಇಳಿದರೆ ನಿಜವಾದ ಸುಧಾರಣೆ ಎನ್ನಬಹುದು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ 0 ಬಿಟ್ಟು ಬೇರೆ ಏನೇ ಉತ್ತರವಿದ್ದರೂ ಒಟ್ಟು ಅಂಕ ನೋಡುತ್ತ ಕೂರದೆ ಅವತ್ತೇ ಯಾರಿಗಾದರೂ ಹೇಳಿ.

ಪುಸ್ತಕ ಪೂರ್ತಿ ತೋರಿಸಬೇಕಾಗಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ, ನಿಮ್ಮ ಆಸ್ಪತ್ರೆಯ ದಿನ, ಸಮಯವನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. ಅಲ್ಲಿ ಸಾಲು ಉದ್ದ, ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಹಿಂದಿನ ರಾತ್ರಿಯೇ ಒಂದು ಹಾಳೆಗೆ ಇಳಿಸಿ: ಸರಾಸರಿ ನಿದ್ದೆ, ಊಟ ಮತ್ತು ತೂಕದಲ್ಲಿ ಬದಲಾವಣೆ, ವಾರವಾರದ ಮನಸ್ಸಿನ ಅಂಕ, ತಪ್ಪಿದ ಮಾತ್ರೆಗಳು, ಮಾತ್ರೆಯಿಂದ ಆದ ತೊಂದರೆ, ಕುಡಿದ ದಿನಗಳು, ಸಾಯುವ ಯೋಚನೆ ಬಂದಿತ್ತೇ ಇಲ್ಲವೇ. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆಯಿಂದಲೂ ಇದೇ ಸುಸ್ತು, ಮಂಕು ಬರಬಹುದು, ರಕ್ತ ಪರೀಕ್ಷೆಯ ಹಳೆಯ ವರದಿ ಇದ್ದರೆ ಜೊತೆಗಿಡಿ.

ಒಂದು ವಿಷಯವನ್ನು ಮಾತ್ರ ತಪ್ಪದೆ ಬರೆಯಿರಿ. ಯಾವಾಗಲಾದರೂ ನಾಲ್ಕಾರು ದಿನ ಬರೀ ಮೂರು ಗಂಟೆ ನಿದ್ದೆ ಮಾಡಿಯೂ ಸುಸ್ತಾಗದೆ, ಮಾತು ಹೆಚ್ಚಾಗಿ, ದುಡ್ಡು ನೀರಿನ ಹಾಗೆ ಖರ್ಚು ಮಾಡಿದ್ದಿದೆಯೇ? ಆ ದಿನಗಳನ್ನು ಗುಣವಾದ ದಿನಗಳೆಂದು ತಿಳಿದು ಯಾರೂ ಹೇಳುವುದಿಲ್ಲ. ಅವು ಇದ್ದರೆ ಕಾಯಿಲೆಯ ಹೆಸರೇ ಬೇರೆ, ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಸ್ಥಿತಿ ಕೆಡಬಹುದು. ಹಾಳೆಯ ಮೊದಲ ಸಾಲು ಅದೇ ಆಗಿರಲಿ, ವೈದ್ಯರ ಎದುರು ಕೂತ ಕೂಡಲೇ ಹಾಳೆಯನ್ನು ಮೇಜಿನ ಮೇಲಿಡಿ.